ಮನೆಯ ಹಳೆಯ ವಸ್ತುಗಳನ್ನು ಆನ್‌ಲೈನ್ ಹರಾಜಿಗೆ ಹಾಕುವ ಮುನ್ನ



ಈಚಿನ ವರ್ಷಗಳಲ್ಲಿ ನಮ್ಮ ಸಮಾಜದವರಿಂದ ನನಗೆ ಹೆಚ್ಚುಕಡಿಮೆ ಒಂದೇ ಬಗೆಯ ಫೋನ್ ಬರುತ್ತದೆ. “ಊರಿನ ಹಳೇ ಮನೆ ಖಾಲಿ ಮಾಡ್ತಿದ್ದೀವಿ, ಅಟ್ಟದ ಮೇಲೆ ಒಂದು ಟ್ರಂಕು ಸಿಕ್ತು. ಬೆಳ್ಳಿ ರೂಪಾಯಿ ಇದೆ, ಹಿತ್ತಾಳೆ ಸಾಮಾನು ಇದೆ, ಏನೇನೋ ಕಾಗದ ಇದೆ. ಮಗ ಆನ್‌ಲೈನ್ ಹರಾಜಿಗೆ ಹಾಕೋಣ ಅಂತಾನೆ. ಹಾಕಬಹುದಾ?” ನಾನು ಕ್ಯಾಸಂಬಳ್ಳಿಯಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡವನು. ಹಳೆಯ ಪಾತ್ರೆ ತೂಕಕ್ಕೆ ತೆಗೆದುಕೊಂಡು ಹೊಸದು ಕೊಡುವುದು ನಮ್ಮ ವ್ಯಾಪಾರದಲ್ಲೇ ಇರುವುದರಿಂದ ಹಳೆಯ ವಸ್ತುಗಳ ಪರಿಚಯವಾಯಿತು. ಸುಮಾರು ಹದಿನೈದು ವರ್ಷಗಳಿಂದ ಆನ್‌ಲೈನ್ ಹರಾಜಿನಲ್ಲಿ ಸಣ್ಣಪುಟ್ಟದ್ದು ಮಾರಿದ್ದೇನೆ, ಕೊಂಡಿದ್ದೇನೆ, ತಪ್ಪನ್ನೂ ಮಾಡಿದ್ದೇನೆ. ಫೋನಿನಲ್ಲಿ ಹೇಳುತ್ತಾ ಬಂದದ್ದನ್ನು ಒಂದು ಕಡೆ ಬರೆಯಿರಿ ಎಂದು ಹಲವರು ಕೇಳಿದ್ದರಿಂದ ಈ ಲೇಖನ.

ಹರಾಜು ನಮಗೆ ಹೊಸದಲ್ಲ. ಪಂಚಕಲ್ಯಾಣದಲ್ಲಿ, ಅಭಿಷೇಕದಲ್ಲಿ ಕಲಶಕ್ಕೆ ಸವಾಲು ಕೂಗುವುದನ್ನು ಚಿಕ್ಕಂದಿನಿಂದ ನೋಡಿದ್ದೇವೆ. ಮಾರವಾಡಿ ಮನೆಗಳಲ್ಲಿ ಅದನ್ನೇ ಬೋಲಿ ಎನ್ನುತ್ತಾರೆ. ಅಲ್ಲಿ ಕೂಗಿದವನ ಮುಖ ಇಡೀ ಸಭೆಗೆ ಗೊತ್ತು. ಕೂಗಿ ಕೊಡದೆ ಹೋದರೆ ಮತ್ತೆ ಬಸದಿಗೆ ಬರಲು ಮುಖವಿರುವುದಿಲ್ಲ. ನಮ್ಮ ಕೋಲಾರದ ಟೊಮೆಟೊ ಮಂಡಿಯಲ್ಲೂ ಹರಾಜೇ. ಅಲ್ಲಿ ಕೊಳ್ಳುವವನು ಕೂಗುವ ಮೊದಲು ಒಂದು ಕ್ರೇಟನ್ನು ಬಗ್ಗಿಸಿ ನೋಡುತ್ತಾನೆ, ಮೇಲೆ ದಪ್ಪ ಹಣ್ಣು ಜೋಡಿಸಿ ಕೆಳಗೆ ಗೋಲಿ ತುಂಬಿದ್ದಾರಾ ಎಂದು. ಆನ್‌ಲೈನ್ ಹರಾಜಿನಲ್ಲಿ ಈ ಎರಡೂ ಇಲ್ಲ. ಕೊಳ್ಳುವವನ ಮುಖ ನಮಗೆ ಕಾಣದು, ನಮ್ಮ ಕ್ರೇಟನ್ನು ಅವನು ಬಗ್ಗಿಸಲಾರ. ಅವನ ಪರವಾಗಿ ಕ್ರೇಟನ್ನು ನಾವೇ ಬಗ್ಗಿಸಿ ತೋರಿಸಬೇಕು. ಒಳ್ಳೆಯ ಬೆಲೆ ಬರುವುದೂ, ಮಾರಿದ ಮೇಲೆ ಜಗಳವಾಗದಿರುವುದೂ ಬಹುಪಾಲು ಇದರ ಮೇಲೆಯೇ ನಿಂತಿದೆ.

ತೂಕಕ್ಕೆ ಹೋದದ್ದು

ಕೆಜಿಎಫ್ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಆಮೇಲಿನ ವರ್ಷಗಳಲ್ಲಿ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಗಣಿ ಲೈನುಗಳ ಎಷ್ಟೋ ಕುಟುಂಬಗಳು ಕೆಲಸ ಹುಡುಕಿಕೊಂಡು ಹೊರಟವು. ಹೋಗುವಾಗ ಮನೆಯಲ್ಲಿದ್ದದ್ದನ್ನು ಸಿಕ್ಕ ಬೆಲೆಗೆ ಕೊಟ್ಟರು. ಹಿತ್ತಾಳೆಯ ಗಣಿ ದೀಪಗಳು, ನಂಬರ್ ಹೊಡೆದ ಬಿಲ್ಲೆಗಳು, ದೊರೆಗಳ ಬಂಗಲೆಯಿಂದ ಬಂದ ಗಡಿಯಾರಗಳು ನನ್ನ ಅಂಗಡಿಗೂ ಬಂದವು. ನಾನು ಕಿಲೋ ಲೆಕ್ಕದಲ್ಲಿ ತೆಗೆದುಕೊಂಡು ಗುಜರಿಗೆ ಕಳಿಸಿದೆ. ಕೊಟ್ಟವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಇಂಥದ್ದನ್ನು ಹುಡುಕಿಕೊಂಡು ಬೆಲೆ ಕೊಡುವ ಸಂಗ್ರಾಹಕರು ಇದ್ದಾರೆ ಎಂದು ತಿಳಿಯುವ ಹೊತ್ತಿಗೆ ಮಾಲು ಕರಗಿ ಹೋಗಿತ್ತು. ಕಾಗದಗಳದೂ ಇದೇ ಕಥೆ. ಮೈಸೂರು ಗೋಲ್ಡ್ ಮೈನಿಂಗ್, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂಬ ಹೆಸರಿನ ಕಂಪನಿಗಳ ಷೇರು ಪತ್ರಗಳು ಷೇರಾಗಿ ಎಂದೋ ಸತ್ತಿವೆ, ಆದರೆ ಹಳೆಯ ಷೇರು ಪತ್ರಗಳನ್ನೇ ಸಂಗ್ರಹಿಸುವವರು ಇಂದಿಗೂ ಇದ್ದಾರೆ. ಆದ್ದರಿಂದ ಟ್ರಂಕು ಸಿಕ್ಕ ದಿನವೇ ಗುಜರಿಯವನನ್ನು ಕರೆಯಬೇಡಿ. ಮೊಬೈಲ್‌ನಲ್ಲಿ ಫೋಟೋ ಹೊಡೆದು ಅದೇ ದಿನ ಹರಾಜಿಗೂ ಹಾಕಬೇಡಿ.

ಮೊದಲು ಮಾಡಬೇಕಾದ ಕೆಲಸ ಮನೆಯೊಳಗೇ ಇದೆ. ಟ್ರಂಕಿನಲ್ಲಿರುವುದು ಪಿತ್ರಾರ್ಜಿತ. ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲರ ಒಪ್ಪಿಗೆ ಬೇಕು. ಒಂದು ನೋಟ್‌ಬುಕ್ಕಿನಲ್ಲಿ ಪಟ್ಟಿ ಬರೆದು, ಯಾವುದನ್ನು ಮಾರುವುದು, ಹಣ ಹೇಗೆ ಹಂಚುವುದು ಎಂದು ಎಲ್ಲರ ಸಹಿ ಹಾಕಿಸಿಕೊಳ್ಳಿ. ಹರಾಜು ಮುಗಿದ ಮೇಲೆ ತಂಗಿ ಫೋನ್ ಮಾಡಿ “ಅದು ಅಮ್ಮ ಪೂಜೆಗೆ ಇಡುತ್ತಿದ್ದ ತಟ್ಟೆ, ನನಗೆ ಬೇಕಿತ್ತು” ಎಂದು ಅತ್ತ ಮನೆ ನನಗೆ ಗೊತ್ತು. ತಟ್ಟೆ ಆಗ ಸೂರತ್ತಿಗೆ ಹೊರಟಾಗಿತ್ತು.

ಯಾವುದನ್ನು ಹರಾಜಿಗೆ ಹಾಕಬಾರದು

ಇದನ್ನು ಸ್ವಲ್ಪ ನಿಧಾನವಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ನಮ್ಮ ಸಮಾಜದ ಮನೆಗಳಲ್ಲಿ ಬೇರೆಯವರ ಮನೆಯಲ್ಲಿ ಇಲ್ಲದ ವಸ್ತುಗಳಿರುತ್ತವೆ: ಲೋಹದ ಜಿನಬಿಂಬಗಳು, ಯಂತ್ರಗಳು, ತಾಡೋಲೆಗಳು, ಚಿತ್ರವಿರುವ ಹಸ್ತಪ್ರತಿಗಳು.

1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ಶಿಲ್ಪ, ಚಿತ್ರ, ನಾಣ್ಯ ಮೊದಲಾದವು ಪುರಾತನ ವಸ್ತುಗಳು. ಸಾಹಿತ್ಯಿಕ, ಐತಿಹಾಸಿಕ ಅಥವಾ ಶಾಸ್ತ್ರೀಯ ಮೌಲ್ಯವಿರುವ ಹಸ್ತಪ್ರತಿಗೆ 75 ವರ್ಷವಾದರೆ ಸಾಕು. ಇವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತೆಯೇ ಇಲ್ಲ. ಕಳಿಸಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಶಿಕ್ಷೆ ಇದೆ. ದೇಶದೊಳಗೆ ಮಾರುವುದಕ್ಕೂ ಕಟ್ಟುಪಾಡುಗಳಿವೆ. ಕಲ್ಲು, ಲೋಹ, ಮರದ ಪುರಾತನ ಶಿಲ್ಪಗಳು, ವರ್ಣಚಿತ್ರಗಳು, ಚಿತ್ರಸಹಿತ ಹಸ್ತಪ್ರತಿಗಳು ಇವುಗಳನ್ನು ಭಾರತೀಯ ಪುರಾತತ್ವ ಸರ್ವೇಕ್ಷಣೆಯ ನೋಂದಣಾಧಿಕಾರಿಯಲ್ಲಿ ನೋಂದಾಯಿಸಬೇಕು, ಕೈ ಬದಲಾದರೆ ಅದನ್ನೂ ತಿಳಿಸಬೇಕು. ಇಂಥದ್ದನ್ನು ವ್ಯಾಪಾರವಾಗಿ ಮಾಡುವವರಿಗೆ ಲೈಸೆನ್ಸ್ ಬೇಕು. “ನಮ್ಮಜ್ಜನದು, ನಮಗೆ ಯಾರ ಅಪ್ಪಣೆ ಬೇಕು” ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ಎರಡು ವರ್ಷದ ಹಿಂದೆ ತುಮಕೂರು ಕಡೆಯ ಒಂದು ಮನೆಯಿಂದ ನನಗೆ ಫೋನ್ ಬಂತು. ಟ್ರಂಕಿನಲ್ಲಿ ಕೆಂಪು ಬಟ್ಟೆ ಸುತ್ತಿದ ಒಂದು ಓಲೆಕಟ್ಟು ಸಿಕ್ಕಿತ್ತು. ಮನೆಯಲ್ಲಿ ಯಾರಿಗೂ ಅದನ್ನು ಓದಲು ಬರುತ್ತಿರಲಿಲ್ಲ. ಮೊಮ್ಮಗ, ಒಳ್ಳೆಯ ಹುಡುಗ, ಫೋಟೋ ತೆಗೆದು ಒಂದು ವಿದೇಶಿ ಹರಾಜು ತಾಣಕ್ಕೆ ಹಾಕಿದ್ದ. ಮೂರು ದಿನ ಬಾಕಿ ಇತ್ತು, ಡಾಲರ್ ಲೆಕ್ಕದಲ್ಲಿ ಎರಡು ಬಿಡ್ ಬಂದಿದ್ದವು, ಮನೆಯಲ್ಲಿ ಎಲ್ಲರಿಗೂ ಖುಷಿ. ಪಾರ್ಸೆಲ್ ಹೇಗೆ ಕಟ್ಟುವುದು ಎಂದು ಕೇಳಲು ನನಗೆ ಫೋನ್ ಮಾಡಿದ್ದರು. ನಾನು ಕಾಯ್ದೆಯ ವಿಷಯ ಹೇಳಿದೆ. ಹುಡುಗನಿಗೆ ಮೊದಲು ಸಿಟ್ಟು ಬಂತು, ಆಮೇಲೆ ಭಯವಾಯಿತು. ಆ ತಾಣದಲ್ಲಿ ಕಾರಣ ಕೊಟ್ಟು ಬಿಡ್‌ಗಳನ್ನು ರದ್ದು ಮಾಡಿ ಹಿಂತೆಗೆಯುವ ಅವಕಾಶವಿತ್ತು, ಹಾಗೆ ಮಾಡಿದ. ಹರಾಜು ಮುಗಿದಿದ್ದರೆ ಒಂದು ಕಡೆ ಕಾಯ್ದೆ, ಇನ್ನೊಂದು ಕಡೆ ಹಣ ಕೊಟ್ಟ ಗಿರಾಕಿ, ಎರಡರ ನಡುವೆ ಸಿಕ್ಕಿಕೊಳ್ಳುತ್ತಿದ್ದ. ಓಲೆಕಟ್ಟು ಈಗ ಆ ಮನೆಯಲ್ಲೇ ಇದೆ. ಶ್ರವಣಬೆಳಗೊಳದ ರಾಷ್ಟ್ರೀಯ ಪ್ರಾಕೃತ ಅಧ್ಯಯನ ಮತ್ತು ಸಂಶೋಧನಾ ಸಂಸ್ಥೆಯಲ್ಲಿ ತಾಡೋಲೆಗಳ ಸಂಗ್ರಹವೂ ಇದೆ, ಓದುವ ವಿದ್ವಾಂಸರೂ ಇದ್ದಾರೆ, ಅಲ್ಲಿಗೆ ಒಮ್ಮೆ ತೋರಿಸಿ ಎಂದು ಹೇಳಿದ್ದೇನೆ. ಕೇಂದ್ರ ಸರ್ಕಾರ 2025ರ ಬಜೆಟ್ಟಿನಲ್ಲಿ ಘೋಷಿಸಿದ ಜ್ಞಾನ ಭಾರತಂ ಯೋಜನೆಯೂ ಹಸ್ತಪ್ರತಿಗಳ ಸಮೀಕ್ಷೆ, ದಾಖಲಾತಿ, ಸಂರಕ್ಷಣೆಗಾಗಿಯೇ ಇದೆ. ಓಲೆಯಲ್ಲಿ ಏನು ಬರೆದಿದೆ ಎಂದು ತಿಳಿಯುವ ಮೊದಲೇ ಮಾರುವುದಂತೂ ವ್ಯಾಪಾರದ ಲೆಕ್ಕದಲ್ಲೂ ದಡ್ಡತನ.

ದೊಡ್ಡವರೂ ಇಲ್ಲಿ ಎಡವುತ್ತಾರೆ. 1898ರಲ್ಲಿ ಉತ್ತರ ಪ್ರದೇಶದ ಪಿಪ್ರಾಹ್ವಾ ಸ್ತೂಪದಲ್ಲಿ ಬುದ್ಧನ ಅವಶೇಷಗಳ ಜೊತೆ ಸಿಕ್ಕ ರತ್ನಗಳನ್ನು ಅಗೆದವರ ವಂಶಸ್ಥರು 2025ರ ಮೇ ತಿಂಗಳಲ್ಲಿ ಸದಬೀಸ್ ಸಂಸ್ಥೆಯ ಮೂಲಕ ಹಾಂಗ್‌ಕಾಂಗ್‌ನಲ್ಲಿ ಹರಾಜಿಗೆ ಇಟ್ಟಿದ್ದರು. ಭಾರತ ಸರ್ಕಾರ ನೋಟಿಸ್ ಕೊಟ್ಟಿತು, ಹರಾಜು ನಿಂತಿತು, ಜುಲೈನಲ್ಲಿ ರತ್ನಗಳು ಭಾರತಕ್ಕೆ ಮರಳಿದವು. ಪೂಜ್ಯ ವಸ್ತುವಿಗೆ ಬೆಲೆ ಕಟ್ಟಿದ್ದಕ್ಕೆ ಬೌದ್ಧ ಸಮಾಜ ಎಷ್ಟು ನೊಂದಿತೋ, ಜಿನಬಿಂಬಕ್ಕೆ ಸವಾಲು ಕೂಗಿದರೆ ನಮಗೂ ಅಷ್ಟೇ ನೋವಾಗುತ್ತದೆ. ಮನೆಯಲ್ಲಿ ಪೂಜೆ ನಡೆಸಲು ಆಗದಿದ್ದರೆ ಬಿಂಬವನ್ನು ಹತ್ತಿರದ ಬಸದಿಗೋ ಮಠಕ್ಕೋ ಒಪ್ಪಿಸುವ ಪದ್ಧತಿ ಇದೆ, ಅದನ್ನು ಕೇಳಿ ಮಾಡಿ. ಇನ್ನೊಂದು ಮಾತು: 2013ರ ಜುಲೈನಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯಿಂದ ಬೆಲೆಬಾಳುವ ಬಿಂಬಗಳು ಕಳವಾದದ್ದು ನಿಮಗೆ ನೆನಪಿರಬಹುದು. ಇಂಥ ಕಳವುಗಳ ಮಾಲು ಎಲ್ಲೆಲ್ಲೋ ಸುತ್ತಿ ಬರುತ್ತದೆ. ಯಾರೋ ತಂದು ಕೊಟ್ಟ ಹಳೆಯ ಪ್ರತಿಮೆಯನ್ನು “ಸ್ವಲ್ಪ ನಿಮ್ಮ ಖಾತೆಯಿಂದ ಹರಾಜಿಗೆ ಹಾಕಿ ಕೊಡಿ” ಎಂದರೆ ಬಾಗಿಲಲ್ಲೇ ಬೇಡ ಎನ್ನಿ.

ಆನೆಯ ದಂತದ ಪೆಟ್ಟಿಗೆ, ಹುಲಿಯ ಉಗುರು, ಜಿಂಕೆಯ ಕೊಂಬು ನಮ್ಮ ಮನೆಗಳಲ್ಲಿ ಇರಬಾರದು. ಆದರೆ ದೊರೆಗಳ ಬಂಗಲೆಯ ಸಾಮಾನು ಕೊಂಡವರ ಮನೆಯಲ್ಲಿ ಇರುವ ಸಂಭವವಿದೆ. ವನ್ಯಜೀವಿ ಕಾಯ್ದೆಯ ಪ್ರಕಾರ ಇವನ್ನು ಮಾರುವಂತಿಲ್ಲ, ಅಜ್ಜನ ಕಾಲದ್ದಾದರೂ ಮಾರುವಂತಿಲ್ಲ. ಪಾಯ ತೋಡುವಾಗ ಸಿಕ್ಕ ನಾಣ್ಯಗಳು ನಿಧಿಯ ಕಾಯ್ದೆಗೆ ಸೇರುತ್ತವೆ, ಅವನ್ನು ಸರ್ಕಾರಕ್ಕೆ ತಿಳಿಸಬೇಕು.

ಹುಣಸೆಹಣ್ಣು ಹಾಕಿ ಉಜ್ಜಬೇಡಿ

ಉಳಿದದ್ದನ್ನು ಮಾರೋಣ. ನಾಣ್ಯ, ಅಂಚೆಚೀಟಿ, ಪಾತ್ರೆ, ಗಡಿಯಾರ, ಗ್ರಾಮಫೋನ್, ಷೇರು ಪತ್ರ, ಹಳೆಯ ಜಾಹೀರಾತು ಫಲಕ. ಮೊದಲ ನಿಯಮ, ತೊಳೆಯಬೇಡಿ. ನಮ್ಮ ಹೆಣ್ಣುಮಕ್ಕಳು ಹೊರಗೆ ಕಳಿಸುವ ವಸ್ತುವನ್ನು ಥಳಥಳ ಹೊಳೆಯಿಸದೆ ಬಿಡುವುದಿಲ್ಲ. ಆದರೆ ನಾಣ್ಯಕ್ಕೆ ಹುಣಸೆಹಣ್ಣು, ಬೂದಿ, ಬ್ರಷ್ ಮುಟ್ಟಿದರೆ ಅದರ ಮೈಮೇಲಿನ ಹಳೆಯ ಕಂದು ಹೋಗಿ ಗೀರು ಬೀಳುತ್ತದೆ, ಸಂಗ್ರಾಹಕ ಅದನ್ನು ಭೂತಗನ್ನಡಿಯಲ್ಲಿ ಕಂಡು ಬೆಲೆಯನ್ನು ಅರ್ಧಕ್ಕೂ ಕೆಳಗೆ ಇಳಿಸುತ್ತಾನೆ. ಧೂಳು ಊದಿ, ಅಷ್ಟು ಸಾಕು.

ಎರಡನೆಯದು, ತೂಗಿ ಅಳೆಯಿರಿ. ವಿಕ್ಟೋರಿಯಾ, ಎಡ್ವರ್ಡ್, ಐದನೆಯ ಜಾರ್ಜ್ ಕಾಲದ ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ, ಬೆಳ್ಳಿ ಶೇ. 91.7. 1940ರಿಂದ 1945ರವರೆಗಿನ ರೂಪಾಯಿಗಳಲ್ಲಿ ಬೆಳ್ಳಿ ಅರ್ಧ ಮಾತ್ರ. ಬಂಗಾರದ ಅಂಗಡಿಯ ತಕ್ಕಡಿಯಲ್ಲಿ ತೂಗಿ, ಆ ತಕ್ಕಡಿಯ ಅಂಕಿಯ ಸಮೇತ ಫೋಟೋ ತೆಗೆಯಿರಿ. ಸವೆದು ಸ್ವಲ್ಪ ಕಡಿಮೆಯಾಗಿದ್ದರೆ ಅಷ್ಟೇ ಬರೆಯಿರಿ. ತುಂಬ ಕಡಿಮೆಯಿದ್ದರೆ ಅಥವಾ ಆಯಸ್ಕಾಂತಕ್ಕೆ ಅಂಟಿಕೊಂಡರೆ ಅದು ನಕಲಿ. 1939ನೇ ಇಸವಿಯ ರೂಪಾಯಿ ಅಪರೂಪದ್ದು, ಹಾಗಾಗಿ ಅದರ ನಕಲು ಬಹಳ. ನಿಮ್ಮ ಟ್ರಂಕಿನಲ್ಲಿ ಅದು ಕಂಡರೆ ಕುಣಿಯುವ ಮೊದಲು ತಿಳಿದವರಿಗೆ ತೋರಿಸಿ. ಗೊತ್ತಿದ್ದೂ ನಕಲನ್ನು ಅಸಲೆಂದು ಮಾರುವುದು ಕಾನೂನಿನಲ್ಲಿ ಮೋಸ. ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೆಂದು ಹೇಳಿರುವುದೂ ಇದೇ.

ಅಂದಹಾಗೆ ಎಲ್ಲ ಹಳೆಯ ನಾಣ್ಯಕ್ಕೂ ಲಕ್ಷ ಬರುವುದಿಲ್ಲ. ಸಾಮಾನ್ಯ ವಿಕ್ಟೋರಿಯಾ ರೂಪಾಯಿಗೆ ಅನೇಕ ಸಲ ಬೆಳ್ಳಿಯ ಬೆಲೆಗಿಂತ ಸ್ವಲ್ಪ ಹೆಚ್ಚು, ಅಷ್ಟೇ. 1911ರ ಐದನೆಯ ಜಾರ್ಜ್ ರೂಪಾಯಿಯಲ್ಲಿ ಅರಸನ ನಿಲುವಂಗಿಯ ಮೇಲಿನ ಆನೆ ಹಂದಿಯ ಹಾಗೆ ಕಾಣುತ್ತದೆಂದು ಜನ ಗಲಾಟೆ ಮಾಡಿ, ಸರ್ಕಾರ ಅದನ್ನು ಹಿಂತೆಗೆದು ಅಚ್ಚು ತಿದ್ದಿತು. ಅಂಥ ಒಂದು ವರ್ಷದ ನಾಣ್ಯಕ್ಕೆ ಬೇಡಿಕೆ ಬೇರೆ. ಹೀಗೆ ಇಸವಿ, ಟಂಕಸಾಲೆಯ ಗುರುತು, ಸವಕಳಿ ನೋಡಿ ಬೆಲೆ. ಹಿಂದೆ ಮುಗಿದ ಹರಾಜುಗಳ ಬೆಲೆಯನ್ನು ಅನೇಕ ಹರಾಜು ಸಂಸ್ಥೆಗಳು ತಮ್ಮ ತಾಣದಲ್ಲೇ ಇಟ್ಟಿರುತ್ತವೆ. ಯಾರೋ ಕೇಳಿದ ಬೆಲೆಯನ್ನು ನೋಡಬೇಡಿ, ನಿಜವಾಗಿ ಮಾರಾಟವಾದ ಬೆಲೆಯನ್ನು ನೋಡಿ.

ಇನ್ನು ವಿವರಣೆ. ಅಮೆರಿಕದ ಇಬೇ ತಾಣ 1995ರಲ್ಲಿ ಶುರುವಾದಾಗ ಅದರ ಸ್ಥಾಪಕ ಪಿಯರ್ ಒಮಿಡ್ಯಾರ್ ಹರಾಜಿಗೆ ಇಟ್ಟ ಮೊದಲ ವಸ್ತು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್. ಕೆಟ್ಟಿದೆ ಎಂದೇ ಬರೆದಿದ್ದ. 14 ಡಾಲರ್ 83 ಸೆಂಟ್ಸಿಗೆ ಹೋಯಿತು. ಕೆಟ್ಟಿರುವುದು ಗೊತ್ತಾಯಿತೇ ಎಂದು ಕೊಂಡವನನ್ನು ಕೇಳಿದರೆ, ಗೊತ್ತು, ನಾನು ಕೆಟ್ಟ ಲೇಸರ್ ಪಾಯಿಂಟರ್‌ಗಳನ್ನೇ ಸಂಗ್ರಹಿಸುತ್ತೇನೆ ಎಂದನಂತೆ. ಕುಂದು ಹೇಳಿದರೆ ಗಿರಾಕಿ ಓಡಿಹೋಗುತ್ತಾನೆ ಎಂಬ ನಮ್ಮ ಭಯಕ್ಕೆ ಇದಕ್ಕಿಂತ ಉತ್ತರ ಬೇಡ.

ನನ್ನ ತಪ್ಪನ್ನೂ ಹೇಳುತ್ತೇನೆ. ಒಂದು ಹಿತ್ತಾಳೆಯ ದೊಡ್ಡ ಕೊಳಗವನ್ನು “ಬಿರುಕಿಲ್ಲ, ಸೋರುವುದಿಲ್ಲ” ಎಂದು ಬರೆದು ಹಾಕಿದೆ. ನಲವತ್ತು ವರ್ಷದ ಪಾತ್ರೆ ವ್ಯಾಪಾರಿ ಎಂಬ ಜಂಬ. ತಳದಲ್ಲಿ ಹಳೆಯ ಬೆಸುಗೆ ಇತ್ತು, ಮಸಿಯ ಅಡಿ ಕಂಡಿರಲಿಲ್ಲ. ಪುಣೆಯ ಗಿರಾಕಿ ನೀರು ತುಂಬಿಸಿ ವಿಡಿಯೊ ಕಳಿಸಿದರು. ಹಣ ವಾಪಸ್ ಕೊಟ್ಟೆ, ಎರಡೂ ಕಡೆಯ ಸಾಗಣೆ ಖರ್ಚು ನನ್ನ ಮೈಮೇಲೆ ಬಿತ್ತು. ಈಗ ಪಾತ್ರೆಯಾದರೆ ನೀರು ತುಂಬಿಸಿ ಅರ್ಧ ಗಂಟೆ ಪೇಪರಿನ ಮೇಲೆ ಇಟ್ಟು ನೋಡುತ್ತೇನೆ. ತಳ, ಒಳಗು, ಕಿವಿ, ಕೆತ್ತಿದ ಹೆಸರು, ಸೊಟ್ಟ, ಬೆಸುಗೆ ಎಲ್ಲದರ ಫೋಟೋ ಹಾಕುತ್ತೇನೆ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಜಗಲಿಯ ನೆರಳಿನಲ್ಲಿ ಬಿಳಿ ಪಂಚೆ ಹಾಸಿ ತೆಗೆದ ಫೋಟೋಕ್ಕೆ ಯಾವ ಫ್ಲ್ಯಾಷೂ ಸಮವಲ್ಲ. ಗಾತ್ರ ತಿಳಿಯಲು ಪಕ್ಕದಲ್ಲಿ ಸ್ಕೇಲ್ ಇಡಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯಿರಿ. “ಟಿಪ್ಪು ಕಾಲದ್ದು” ಎಂದು ಅಂದಾಜಿನ ಮೇಲೆ ಬರೆದರೆ ಅದು ನೀವು ಕೊಟ್ಟ ಮಾತಾಗುತ್ತದೆ.

ಬೆಲೆ, ಕಮಿಷನ್, ಸುಳ್ಳು ಕೂಗು

ಹರಾಜು ಸಂಸ್ಥೆಗೆ ಕೊಡುವುದಾದರೆ ಸಹಿ ಹಾಕುವ ಮೊದಲು ಲೆಕ್ಕ ಕೇಳಿ. ಹರಾಜು 10,000 ರೂಪಾಯಿಗೆ ನಿಂತಿತು ಎಂದುಕೊಳ್ಳಿ. ಕೊಂಡವನು ಅದರ ಮೇಲೆ ಸಂಸ್ಥೆಯ ಪ್ರೀಮಿಯಂ ಮತ್ತು ಜಿಎಸ್‌ಟಿ ಸೇರಿಸಿ ಕೊಡುತ್ತಾನೆ, ಅದು ನಿಮಗಲ್ಲ. ನಿಮಗೆ ಬರುವುದು 10,000ದಲ್ಲಿ ನಿಮ್ಮ ಕಮಿಷನ್ ಕಳೆದು ಉಳಿದದ್ದು. ಕಮಿಷನ್ ಶೇಕಡ 10 ಆದರೆ 9,000, ಅದರಿಂದ ಫೋಟೋ ಖರ್ಚು, ವಿಮೆ ಕಳೆಯುತ್ತಾರೋ ಕೇಳಿ. ಹಣ ಎಷ್ಟು ದಿನಕ್ಕೆ ಕೊಡುತ್ತಾರೆ, ಮಾರಾಟವಾಗದಿದ್ದರೆ ವಾಪಸ್ ತರುವ ಖರ್ಚು ಯಾರದು, ಕೊಂಡವನು ಹಣ ಕೊಡದಿದ್ದರೆ ಏನು, ಇವು ಬರವಣಿಗೆಯಲ್ಲಿ ಇರಬೇಕು. ವಸ್ತು ಒಪ್ಪಿಸಿದಾಗ ಫೋಟೋ ಸಹಿತ ರಸೀದಿ ಪಡೆಯಿರಿ.

ಎರಡು ಬೆಲೆಗಳನ್ನು ನೀವು ತೀರ್ಮಾನಿಸಬೇಕು: ಹರಾಜು ಶುರುವಾಗುವ ಬೆಲೆ, ಮತ್ತು ಇದಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಎಂಬ ಕನಿಷ್ಠ ಬೆಲೆ. ಶುರುವಿನ ಬೆಲೆ ತಗ್ಗಿಸಿದರೆ ನಾಲ್ಕು ಜನ ಸೇರುತ್ತಾರೆ, ಕನಿಷ್ಠ ಬೆಲೆ ನಿಮ್ಮನ್ನು ಕಾಯುತ್ತದೆ. ಕನಿಷ್ಠ ಬೆಲೆ ಇಡುವ ಸೌಕರ್ಯ ಇಲ್ಲದ ತಾಣದಲ್ಲಿ ಒಂದು ರೂಪಾಯಿಯಿಂದ ಶುರು ಮಾಡುವ ಸಾಹಸ ಬೇಡ, ಒಬ್ಬನೇ ಬಂದರೆ ಒಂದು ರೂಪಾಯಿಗೇ ಕೊಡಬೇಕಾಗುತ್ತದೆ. ಮುಕ್ತಾಯವನ್ನು ಭಾನುವಾರ ಸಂಜೆಗೆ ಇಡಿ. ಕೊನೆಯ ಹತ್ತು ನಿಮಿಷದಲ್ಲೇ ಹೆಚ್ಚಿನ ಬಿಡ್ ಬರುವುದು, ಆ ದಿನ ಪ್ರಶ್ನೆಗಳೂ ಬರುತ್ತವೆ. ದಶಲಕ್ಷಣ ಪರ್ವ, ಪರ್ಯುಷಣದ ದಿನಗಳಲ್ಲಿ ಮುಕ್ತಾಯ ಇಟ್ಟುಕೊಳ್ಳಬೇಡಿ, ಆಗ ಫೋನ್ ಹಿಡಿದು ಕೂರಲು ಮನಸ್ಸೂ ಬಾರದು.

ಬೆಲೆ ಏರಿಸಲು ಭಾವಮೈದುನನ ಖಾತೆಯಿಂದ ಬಿಡ್ ಹಾಕಿಸುವುದು ಬಹಳ ಮನೆಗಳಲ್ಲಿ “ಸಣ್ಣ ಉಪಾಯ” ಅನ್ನಿಸಿಕೊಂಡಿದೆ. ಎಲ್ಲ ತಾಣಗಳಲ್ಲೂ ಅದು ನಿಷಿದ್ಧ, ಸಿಕ್ಕಿಬಿದ್ದರೆ ಖಾತೆ ಮುಚ್ಚುತ್ತಾರೆ. ಎಷ್ಟೋ ಸಲ ಭಾವಮೈದುನನೇ ಗೆದ್ದು, ಕಮಿಷನ್ ಕಟ್ಟಿ ನಿಮ್ಮ ವಸ್ತುವನ್ನು ನೀವೇ ಕೊಂಡಂತಾಗುತ್ತದೆ.

ಹಣ ಬರುವ ಮೊದಲು ವಸ್ತು ಹೊರಡಬಾರದು

ಹಳೆಯ ನೋಟು, ನಾಣ್ಯಗಳ ಹೆಸರಲ್ಲಿ ನಡೆಯುವ ಮೋಸ ಎಷ್ಟಾಯಿತೆಂದರೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 4ರಂದು ಸಾರ್ವಜನಿಕರಿಗೆ ಎಚ್ಚರಿಕೆ ಕೊಟ್ಟಿತು. ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ, ತೆರಿಗೆ ಕಟ್ಟಿ ಎನ್ನುವವರು ಕಳ್ಳರು. ರಿಸರ್ವ್ ಬ್ಯಾಂಕ್ ಇಂಥ ವ್ಯವಹಾರ ಮಾಡುವುದಿಲ್ಲ, ಯಾರಿಗೂ ಹಾಗೆ ಶುಲ್ಕ ಪಡೆಯಲು ಅಧಿಕಾರವನ್ನೂ ಕೊಟ್ಟಿಲ್ಲ. ಮಾರುವವರಿಂದ ಮುಂಗಡ ಕೇಳುವ ಗಿರಾಕಿ ಗಿರಾಕಿಯೇ ಅಲ್ಲ.

ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ, ಕ್ಯುಆರ್ ಸ್ಕ್ಯಾನ್ ಮಾಡಬೇಕಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ, ಬರುವುದಿಲ್ಲ. “ನಾನು ಮಿಲಿಟರಿಯವನು, ಬಾರ್ಡರ್‌ನಲ್ಲಿದ್ದೇನೆ” ಎಂದು ಐಡಿ ಕಾರ್ಡಿನ ಫೋಟೋ ಕಳಿಸುವವರು, “ತಪ್ಪಿ ಹೆಚ್ಚು ಹಣ ಹಾಕಿದೆ, ಉಳಿದದ್ದು ವಾಪಸ್ ಕೊಡಿ” ಎಂದು ಸ್ಕ್ರೀನ್‌ಶಾಟ್ ತೋರಿಸುವವರು ಬಂದೇ ಬರುತ್ತಾರೆ. ಸ್ಕ್ರೀನ್‌ಶಾಟ್ ನಂಬದೆ ಬ್ಯಾಂಕ್ ಖಾತೆ ತೆರೆದು ನೋಡಿ. ಈ ಕೆಲಸಕ್ಕೆ ಕಡಿಮೆ ಹಣವಿರುವ ಒಂದು ಬೇರೆ ಖಾತೆ ಇಟ್ಟುಕೊಳ್ಳುವುದು ಒಳ್ಳೆಯದು. ಮೋಸವಾದರೆ ನಾಚಿಕೆಯಿಂದ ಕೂರದೆ ಅದೇ ಗಂಟೆಯಲ್ಲಿ 1930ಕ್ಕೆ ಫೋನ್ ಮಾಡಿ, ತಡವಾದಷ್ಟೂ ಹಣ ಕೈತಪ್ಪುತ್ತದೆ. ತಾಣದ ಹೊರಗೆ ವ್ಯವಹಾರ ಮುಗಿಸೋಣ ಎಂಬ ಮಾತಿಗೂ ಒಪ್ಪಬೇಡಿ, ಆಮೇಲೆ ಜಗಳವಾದರೆ ತಾಣದವರು ನಿಮ್ಮ ಪರ ಬರುವುದಿಲ್ಲ.

ವಸ್ತುವನ್ನು ಪ್ಯಾಕ್ ಮಾಡುವುದನ್ನು ಮೊಬೈಲ್‌ನಲ್ಲಿ ಮುರಿಯದೆ ಒಂದೇ ವಿಡಿಯೊ ಮಾಡಿ, ತೂಕದ ಸಮೇತ. ನಾನು ಮೊದಲು ರಿಜಿಸ್ಟರ್ಡ್ ಪೋಸ್ಟ್ ಮಾಡುತ್ತಿದ್ದೆ. 2025ರ ಸೆಪ್ಟೆಂಬರ್ 1ರಿಂದ ಅದು ಸ್ಪೀಡ್ ಪೋಸ್ಟಿನಲ್ಲೇ ಸೇರಿದೆ. ಬೆಲೆಬಾಳುವುದಾದರೆ ಅಂಚೆ ಕಚೇರಿಯಲ್ಲಿ ವಿಮೆ ಕೇಳಿ ಮಾಡಿಸಿ, ರಸೀದಿಯನ್ನು ಆರು ತಿಂಗಳಾದರೂ ಇಡಿ. ಆಭರಣ, ಚಿತ್ರ, ಶಿಲ್ಪಗಳ ಮಾರಾಟದ ಲಾಭಕ್ಕೆ ಆದಾಯ ತೆರಿಗೆ ಇದೆ. ಪಿತ್ರಾರ್ಜಿತವಾದರೆ 2001ರ ಏಪ್ರಿಲ್ 1ರ ಬೆಲೆಯನ್ನು ಲೆಕ್ಕಕ್ಕೆ ಹಿಡಿಯಲು ಅವಕಾಶವಿದೆ, ನಿಮ್ಮ ಆಡಿಟರನ್ನು ಕೇಳಿ.

ಮಾರಾಟವಾಗದೆ ಉಳಿದರೆ ಮರುವಾರವೇ ಬೆಲೆ ಇಳಿಸಿ ಮತ್ತೆ ಹಾಕಬೇಡಿ. ಸಂಗ್ರಾಹಕರ ಲೋಕ ಚಿಕ್ಕದು, ಎರಡು ಸಲ ಬಿದ್ದ ವಸ್ತುವನ್ನು ಗುರುತಿಡುತ್ತಾರೆ. ಆರು ತಿಂಗಳು ಬಿಟ್ಟು, ಫೋಟೋ ಬದಲಿಸಿ, ವಿವರ ತಿದ್ದಿ ಹಾಕಿ. ನನ್ನ ಬಳಿ ಒಂದೇ ಒಂದು ಗಣಿ ದೀಪ ಉಳಿದಿದೆ, ಹಿಡಿಕೆ ಮುರಿದದ್ದು. ಎರಡು ಸಲ ಹಾಕಿ ವಾಪಸ್ ತಂದೆ. ಈಗ ಅದು ಗಲ್ಲಾದ ಮೇಲೆ ಇದೆ. ಬ್ಯಾಟರಿ ಬಲ್ಬ್ ಹಾಕಿ ಮೊಮ್ಮಗಳು ಉರಿಸುತ್ತಾಳೆ.